ಹಲ್ಲಿ ಹೊಕ್ಕ ಡಬ್ಬಿ ಮತ್ತು ಕ್ಯಾಡ್ ತಂತ್ರಾಂಶದ ಆಯ್ಕೆ

ಜಗಳೂರು ತಾಲ್ಲೂಕಿನ ಒಂದು ಹೊಲದ ಪಂಪ್‌ಮನೆಯಲ್ಲಿ, ನಾನೇ ಜೋಡಿಸಿ ಕೊಟ್ಟಿದ್ದ ನಿಯಂತ್ರಕದ ಮುಚ್ಚಳವನ್ನು ಬಿಚ್ಚಿದಾಗ ರಿಲೇ ಎಂಬ ವಿದ್ಯುತ್ ಸ್ವಿಚ್ಚಿನ ಕಾಲುಗಳ ನಡುವೆ ಸುಟ್ಟು ಕರಿಕಾಗಿದ್ದ ಹಲ್ಲಿಯೊಂದು ಕಂಡಿತು. ಕೊಳವೆಬಾವಿಯಲ್ಲಿ ನೀರು ಇಳಿದಾಗ ಮೋಟಾರನ್ನು ನಿಲ್ಲಿಸುವುದು, ಮೂರು ಫೇಸುಗಳಲ್ಲಿ ಒಂದು ತಪ್ಪಿದರೂ ಸ್ಟಾರ್ಟರ್ ಎಳೆಯದಂತೆ ತಡೆಯುವುದು, ಸಿಮ್ ಹಾಕಿದ್ದರೆ ಊರಿನಿಂದಲೇ ಕರೆ ಮಾಡಿ ಮೋಟಾರನ್ನು ಚಾಲೂ ಮಾಡಲು ಬಿಡುವುದು, ಇಷ್ಟು ಆ ನಿಯಂತ್ರಕದ ಕೆಲಸ. ಸರ್ಕಿಟ್ಟಿನಲ್ಲಿ ಯಾವ ದೋಷವೂ ಇರಲಿಲ್ಲ. ದೋಷವಿದ್ದದ್ದು ಡಬ್ಬಿಯಲ್ಲಿ. ಮಂಡಿಪೇಟೆಯಿಂದ ತಂದ ಸಿದ್ಧ ಪ್ಲಾಸ್ಟಿಕ್ ಡಬ್ಬಿಗೆ ನಾನು ಕೈಯಲ್ಲೇ ಡ್ರಿಲ್ ಹಿಡಿದು ಕೊರೆದಿದ್ದ ತೂತು ವೈರಿಗಿಂತ ದೊಡ್ಡದಾಗಿತ್ತು. ಡಿಸ್ಪ್ಲೇಗೆಂದು ಕಾಯಿಸಿದ ಬ್ಲೇಡಿನಲ್ಲಿ ಕತ್ತರಿಸಿದ್ದ ಕಿಟಕಿಯ ಒಂದು ಅಂಚು ಸೊಟ್ಟಗಿದ್ದು, ಅಲ್ಲಿ ಹಚ್ಚಿದ್ದ ಅಂಟು ಬಿಸಿಲಿಗೆ ಬಿಟ್ಟುಕೊಂಡಿತ್ತು. ಹೊಲದ ಯಜಮಾನರು ಬೈಯಲಿಲ್ಲ. "ಹಲ್ಲಿ ಹೋಗೋವಷ್ಟು ಜಾಗ ಬಿಟ್ಟೀರಲ್ರೀ ಸರ" ಎಂದಷ್ಟೇ ಹೇಳಿ ಚಹಾ ತರಿಸಿದರು. ಬೈದಿದ್ದರೆ ಚೆನ್ನಾಗಿತ್ತು ಎಂದು ದಾವಣಗೆರೆಗೆ ಮರಳುವ ದಾರಿಯುದ್ದಕ್ಕೂ ಅನ್ನಿಸಿತು.

ನನ್ನದು ಎರಡು ಮೇಜುಗಳ ಸಣ್ಣ ಕೆಲಸದ ಕೋಣೆ. ಪಿಸಿಬಿಗಳನ್ನು, ಅಂದರೆ ಎಲೆಕ್ಟ್ರಾನಿಕ್ ಭಾಗಗಳು ಕೂರುವ ಸರ್ಕಿಟ್ ಹಲಗೆಗಳನ್ನು, ಹಲವು ವರ್ಷಗಳಿಂದ ಕೀಕ್ಯಾಡ್ ಎಂಬ ತಂತ್ರಾಂಶದಲ್ಲಿ ವಿನ್ಯಾಸ ಮಾಡುತ್ತಿದ್ದೇನೆ, ಆದರೆ ಆ ಪಿಸಿಬಿ ಕೂರುವ ಮನೆಯನ್ನು ಎಂದೂ ನಾನಾಗಿ ಬಿಡಿಸಿದವನಲ್ಲ. ಹಲ್ಲಿಯ ಪ್ರಸಂಗದ ನಂತರ ನಮ್ಮದೇ ಡಬ್ಬಿಯನ್ನು ಮಾಡಿಸುವುದೆಂದು ನಿಶ್ಚಯಿಸಿದೆ. ಅದಕ್ಕೆ ಕ್ಯಾಡ್, ಅಂದರೆ ವಸ್ತುವಿನ ಆಕಾರವನ್ನು ಅಳತೆ ಸಮೇತ ಕಂಪ್ಯೂಟರಿನಲ್ಲಿ ಬಿಡಿಸುವ ತಂತ್ರಾಂಶ ಬೇಕಾಯಿತು. ಹೆಚ್ಚು ಹಣ ಹಾಕುವ ಸ್ಥಿತಿಯಲ್ಲಿ ನಾನಿರಲಿಲ್ಲ, ಮೇಜಿನ ಮೇಲಿದ್ದದ್ದು 8 ಜಿಬಿ ರ‍್ಯಾಮ್‌ನ ಹಳೆಯ ಲ್ಯಾಪ್‌ಟಾಪ್, ಅದರಲ್ಲಿದ್ದದ್ದು ಲಿನಕ್ಸ್. ಯಾವ ತಂತ್ರಾಂಶ ಒಳ್ಳೆಯದು ಎಂದು ಕೇಳಿದವರೆಲ್ಲರೂ ತಮಗೆ ಗೊತ್ತಿದ್ದ ಒಂದೊಂದು ಹೆಸರನ್ನು ಹೇಳಿದರು. ಕೇಳಬೇಕಾದ ಪ್ರಶ್ನೆ ಅದಲ್ಲವೆಂದು ತಿಳಿಯಲು ನನಗೆ ಸುಮಾರು ಆರು ತಿಂಗಳು ಹಿಡಿಯಿತು. ಬಿಡಿಸಿದ ವಸ್ತುವನ್ನು ಮಾರಲು ಪರವಾನಗಿ ಬಿಡುತ್ತದೆಯೇ, ಬಿಡಿಸಿದ ಕಡತವನ್ನು ತಯಾರಕರು ತೆರೆಯಬಲ್ಲರೇ, ಐದು ವರ್ಷದ ನಂತರ ನಾನೇ ಅದನ್ನು ತೆರೆಯಬಲ್ಲೆನೇ ಎಂಬ ಮೂರನ್ನು ಮೊದಲು ಕೇಳಿದ್ದರೆ ಅರ್ಧಕ್ಕರ್ಧ ಹೆಸರುಗಳು ಮೊದಲ ದಿನವೇ ಬಿದ್ದುಹೋಗುತ್ತಿದ್ದವು.

ಮೆಕ್ಯಾನಿಕಲ್ ಓದುತ್ತಿರುವ ನನ್ನ ಅಕ್ಕನ ಮಗ "ಮಾವ, ಫ್ಯೂಷನ್ ಹಾಕ್ಕೊಳ್ಳಿ, ಫ್ರೀ ಸಿಗುತ್ತೆ, ನಮ್ಮ ಕ್ಲಾಸಲ್ಲಿ ಎಲ್ಲಾರೂ ಅದನ್ನೇ ಬಳಸ್ತಾರೆ" ಎಂದ. ಅವನ ಮಾತು ಸುಳ್ಳಲ್ಲ. ಆಟೊಡೆಸ್ಕ್ ಸಂಸ್ಥೆಯ ಫ್ಯೂಷನ್ ವಿದ್ಯಾರ್ಥಿಗಳಿಗೆ ಉಚಿತ. ವೈಯಕ್ತಿಕ ಬಳಕೆಗೆಂದು ಇನ್ನೊಂದು ಉಚಿತ ಪರವಾನಗಿಯೂ ಇದೆ. ಆದರೆ ವಿದ್ಯಾರ್ಥಿ ಪರವಾನಗಿ ಕಲಿಕೆಗೆ ಮಾತ್ರ ಸಲ್ಲುತ್ತದೆ. ವೈಯಕ್ತಿಕ ಪರವಾನಗಿಯು ವಾಣಿಜ್ಯವಲ್ಲದ ಕೆಲಸಕ್ಕೆ, ಅಂದರೆ ಅದರಿಂದ ವರ್ಷಕ್ಕೆ 1,000 ಡಾಲರ್‌ಗಿಂತ ಕಡಿಮೆ ಆದಾಯ ಬರುವವರಿಗೆ ಮಾತ್ರ. ನಾನು ಮಾರುವ ನಿಯಂತ್ರಕಗಳ ಸಂಖ್ಯೆ ದೊಡ್ಡದೇನಲ್ಲ, ಆದರೂ ಬೇಸಿಗೆಯ ಎರಡು ತಿಂಗಳಲ್ಲೇ ಆ ಗೆರೆ ದಾಟುತ್ತದೆ. 2020ರ ಅಕ್ಟೋಬರ್‌ನಿಂದ ಈ ವೈಯಕ್ತಿಕ ಪರವಾನಗಿಯಲ್ಲಿ ಒಮ್ಮೆಗೆ ತಿದ್ದಬಹುದಾದ ಕಡತಗಳನ್ನು ಹತ್ತಕ್ಕೆ ಮಿತಿಗೊಳಿಸಲಾಯಿತು. ಬೇರೆ ಕ್ಯಾಡ್ ತಂತ್ರಾಂಶಗಳೂ ತೆರೆಯಬಲ್ಲ ಸ್ಟೆಪ್ ಎಂಬ ರೂಪದಲ್ಲಿ ಕಡತವನ್ನು ಹೊರತೆಗೆಯುವ ಸೌಲಭ್ಯವನ್ನೂ ತೆಗೆಯುವುದಾಗಿ ಆಗ ಪ್ರಕಟಿಸಿ, ಬಳಕೆದಾರರು ಗಲಾಟೆ ಎಬ್ಬಿಸಿದ ಮೇಲೆ ಅದೊಂದನ್ನು ಉಳಿಸಿಕೊಂಡರು. ತಮ್ಮ ಸರಕಿನ ಷರತ್ತನ್ನು ಬದಲಿಸುವ ಹಕ್ಕು ಅವರಿಗುಂಟು. ನನ್ನ ಡಬ್ಬಿಯ ನಕ್ಷೆ ಆ ಹಕ್ಕಿನ ಕೆಳಗೆ ಇರಬೇಕೇ ಎಂಬುದು ನಾನು ತೀರ್ಮಾನಿಸಬೇಕಾದ ವಿಷಯ. ಹಣ ಕೊಟ್ಟು ವಾಣಿಜ್ಯ ಪರವಾನಗಿಯನ್ನೇ ಪಡೆದರೆ ಫ್ಯೂಷನ್ ಉತ್ತಮ ಸಾಧನವೆಂಬುದರಲ್ಲಿ ನನಗೆ ಸಂಶಯವಿಲ್ಲ, ಆದರೆ ಅದು ಕಟ್ಟುತ್ತಲೇ ಇರಬೇಕಾದ ಚಂದಾ, ಮತ್ತು ಅದು ವಿಂಡೋಸ್ ಹಾಗೂ ಮ್ಯಾಕ್‌ನಲ್ಲಿ ಮಾತ್ರ ನಡೆಯುತ್ತದೆ.

ಆನ್‌ಶೇಪ್ ನನಗೆ ಬಹಳ ಹಿಡಿಸಿತ್ತು. ಬ್ರೌಸರಿನಲ್ಲೇ ನಡೆಯುವುದರಿಂದ ಲಿನಕ್ಸ್ ಇದ್ದರೂ ತೊಂದರೆಯಿಲ್ಲ, ಹಳೆಯ ಲ್ಯಾಪ್‌ಟಾಪಿಗೂ ಹೊರೆಯಿಲ್ಲ. ಸಾಲಿಡ್‌ವರ್ಕ್ಸ್ ಎಂಬ ಹೆಸರಾಂತ ಕ್ಯಾಡ್ ತಂತ್ರಾಂಶ ಕಟ್ಟಿದ ಜಾನ್ ಹರ್ಷ್‌ಟಿಕ್ ಅವರೇ ತಮ್ಮ ಜೊತೆಗಾರರೊಂದಿಗೆ 2012ರಲ್ಲಿ ಇದನ್ನು ಆರಂಭಿಸಿದ್ದು, 2019ರಲ್ಲಿ ಪಿಟಿಸಿ ಸಂಸ್ಥೆ ಅದನ್ನು ಕೊಂಡುಕೊಂಡಿತು. ಇದರ ಉಚಿತ ಯೋಜನೆಯಲ್ಲಿ ಬಿಡಿಸಿದ್ದೆಲ್ಲ ಲೋಕಕ್ಕೇ ಬಹಿರಂಗ, ಮತ್ತು ಅದು ಕೂಡ ವಾಣಿಜ್ಯಕ್ಕೆ ಸಲ್ಲದು. ನನ್ನ ಡಬ್ಬಿಯಲ್ಲಿ ಮುಚ್ಚಿಡುವ ಗುಟ್ಟೇನೂ ಇಲ್ಲವಾದ್ದರಿಂದ ಬಹಿರಂಗವಾಗುವುದು ನನಗೆ ಅಡ್ಡಿಯಲ್ಲ, ವಾಣಿಜ್ಯದ ಮಾತೇ ಅಡ್ಡಿ. ಸಾಲಿಡ್‌ವರ್ಕ್ಸ್‌ನ ಮೇಕರ್ ಆವೃತ್ತಿ ಹವ್ಯಾಸಿಗಳಿಗೆ ಅಗ್ಗವಾಗಿ ಸಿಗುತ್ತದೆ, ಆದರೆ ಅದರಲ್ಲಿ ಉಳಿಸಿದ ಕಡತಗಳ ಮೇಲೆ ಒಂದು ಗುರುತು ಬೀಳುತ್ತದೆ ಮತ್ತು ಅವು ವಾಣಿಜ್ಯ ಆವೃತ್ತಿಯಲ್ಲಿ ತೆರೆಯುವುದಿಲ್ಲ. ಸೀಮೆನ್ಸ್‌ನ ಸಾಲಿಡ್ ಎಡ್ಜ್ ಕಮ್ಯೂನಿಟಿ ಆವೃತ್ತಿಯೂ ಉಚಿತವೇ, ಅಲ್ಲಿಯೂ ಇದೇ ಬಗೆಯ ಬೇಲಿ. ಹವ್ಯಾಸಕ್ಕೆ ಡಬ್ಬಿ ಮಾಡುವವರಿಗೆ ಇವೆಲ್ಲವೂ ದೊಡ್ಡ ಉಪಕಾರ ಎಂಬುದನ್ನು ಮರೆಯಬಾರದು. ಮನೆಯ ಗಡಿಯಾರಕ್ಕೊಂದು ಚೌಕಟ್ಟು ಬಿಡಿಸುವವರು ಈ ಬರಹವನ್ನು ಇಲ್ಲಿಗೇ ಬಿಟ್ಟು ಆನ್‌ಶೇಪ್ ತೆರೆದು ಕುಳಿತರೂ ನಷ್ಟವಿಲ್ಲ.

ಪರವಾನಗಿಯ ಬೀಗ ಒಡೆದ ಪ್ರತಿಯ ವಿಷಯವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಕಡೆ ಕ್ಯಾಡ್ ಎಂದಾಕ್ಷಣ ಪೆನ್‌ಡ್ರೈವ್ ಮುಂದೆ ಚಾಚುವವರು ಇದ್ದೇ ಇದ್ದಾರೆ. ನನಗೂ ಒಬ್ಬರು ಚಾಚಿದರು. ನ್ಯಾಯದ ಮಾತು ಹಾಗಿರಲಿ, ಬಿಲ್ ಹಾಕಿ ಮಾರುವ ವಸ್ತುವಿನ ಮೂಲ ನಕ್ಷೆ ಅಂಥ ಪ್ರತಿಯಲ್ಲಿ ಹುಟ್ಟಿದರೆ ಅದನ್ನು ಬೇರೊಬ್ಬರಿಗೆ ಕಳುಹಿಸುವಾಗಲೆಲ್ಲ ಒಂದು ಅಳುಕು ಜೊತೆಗೇ ಇರುತ್ತದೆ. ಆ ಅಳುಕಿನ ಬೆಲೆ ಪರವಾನಗಿಗಿಂತ ಹೆಚ್ಚು.

ಉಳಿದವು ಕೆಲವೇ. ಟಿಂಕರ್‌ಕ್ಯಾಡ್‌ನಲ್ಲಿ ಒಂದು ಸಂಜೆಯೊಳಗೆ ಡಬ್ಬಿಯ ಆಕಾರ ಬಂದುಬಿಟ್ಟಿತು, ಶಾಲೆಯ ಮಕ್ಕಳಿಗೆ ಕಲಿಸಲು ಅದಕ್ಕಿಂತ ಸರಳವಾದುದು ನನಗೆ ಕಂಡಿಲ್ಲ, ಆದರೆ ಒಂದು ಅಳತೆಯನ್ನು ಇನ್ನೊಂದು ಅಳತೆಗೆ ಕಟ್ಟಿಹಾಕುವ ಉಪಾಯ ಅದರಲ್ಲಿಲ್ಲ. ಮನೆ ಕಟ್ಟಿಸುವವರು ಬಳಸುವ ಸ್ಕೆಚ್‌ಅಪ್‌ನಲ್ಲಿ ವೃತ್ತವೆಂದರೆ ವಾಸ್ತವದಲ್ಲಿ ಬಹುಭುಜ. ತಾನಾಗಿ ಅದು 24 ಬಾಹುಗಳನ್ನು ಹಾಕುತ್ತದೆ. ವೈರು ಹೊರಬರುವ ತೂತನ್ನು ಬಿಗಿಯಾಗಿ ಮುಚ್ಚುವ ಪಿಜಿ 9 ಅಳತೆಯ ಕೇಬಲ್ ಗ್ಲ್ಯಾಂಡಿನ ತಿರುಪಿನ ಹೊರವ್ಯಾಸ 15.2 ಮಿ.ಮೀ. ಇರುವುದರಿಂದ ನಾನು 15.5 ಮಿ.ಮೀ. ತೂತು ಇಡುತ್ತೇನೆ. ಅದೇ ತೂತನ್ನು 24 ಬಾಹುಗಳಲ್ಲಿ ಬಿಡಿಸಿದರೆ ಎದುರುಬದುರು ಬಾಹುಗಳ ನಡುವಿನ ಅಂತರ ಸುಮಾರು 15.37 ಮಿ.ಮೀ. ಆಗುತ್ತದೆ. ನಾನು ಬಿಟ್ಟಿದ್ದ ಸಡಿಲದಲ್ಲಿ ಹತ್ತಿರ ಹತ್ತಿರ ಅರ್ಧ ಅಲ್ಲೇ ಹೋಯಿತು. ಬಾಹುಗಳ ಸಂಖ್ಯೆ ಹೆಚ್ಚಿಸಿ ಸರಿಮಾಡಬಹುದು, ಆದರೆ ಯಂತ್ರದ ಭಾಗಗಳಿಗೆ ನಿಜವಾದ ವೃತ್ತವನ್ನೇ ಕೊಡುವ ತಂತ್ರಾಂಶ ಇರುವಾಗ ಆ ಸಾಹಸ ಬೇಡ. ಒಮ್ಮೆ ಹಣ ಕೊಟ್ಟರೆ ಸದಾ ನಮ್ಮದಾಗುವ ಅಲಿಬ್ರೆ ಆಟಮ್ ತ್ರೀಡಿ ಮತ್ತು ಪ್ಲಾಸ್ಟಿಸಿಟಿ ಎಂಬೆರಡನ್ನೂ ನೋಡಿದೆ. ಮೊದಲನೆಯದು ವಿಂಡೋಸ್‌ಗೆ ಮಾತ್ರ ಇದೆ, ಮತ್ತು ತಗಡಿನ ಕೆಲಸದ ಸೌಲಭ್ಯ ಆ ಕಡಿಮೆ ಬೆಲೆಯ ಆವೃತ್ತಿಯಲ್ಲಿಲ್ಲ. ಎರಡನೆಯದು ಲಿನಕ್ಸ್‌ನಲ್ಲೂ ಸೊಗಸಾಗಿ ನಡೆಯುತ್ತದೆ, ಕೈಗೆ ಜೇಡಿಮಣ್ಣಿನಷ್ಟು ಮಿದುವಾಗಿ ಒದಗುತ್ತದೆ, ಆದರೆ ಹಿಂದೆ ಹೋಗಿ ಒಂದು ಅಂಕಿ ತಿದ್ದಿದರೆ ಇಡೀ ಆಕಾರ ಬದಲಾಗುವ ಕ್ರಮ ಅದರದಲ್ಲ. ನನಗೆ ಬೇಕಿದ್ದದ್ದು ಅದೇ ಕ್ರಮ.

ಹೀಗೆ ಫ್ರೀಕ್ಯಾಡ್‌ಗೆ ಬಂದೆ. ಮೊದಲ ವಾರ ಅದನ್ನು ಎರಡು ಸಲ ಅಳಿಸಿ ಎರಡು ಸಲ ಮತ್ತೆ ಹಾಕಿಕೊಂಡೆ. 2002ರಲ್ಲಿ ಮೊದಲು ಹೊರಬಂದ ಈ ಮುಕ್ತ ತಂತ್ರಾಂಶವು 1.0 ಎಂಬ ಸಂಖ್ಯೆಯನ್ನು ತಲುಪಿದ್ದು 2024ರ ನವೆಂಬರ್‌ನಲ್ಲಿ. ಇಪ್ಪತ್ತೆರಡು ವರ್ಷ ಸಂಕೋಚಪಟ್ಟ ತಂತ್ರಾಂಶವೆಂದು ಅದನ್ನು ನಾನು ಗೌರವಿಸುತ್ತೇನೆ. ಇದರಲ್ಲಿ ಕೆಲಸಗಳೆಲ್ಲ ವರ್ಕ್‌ಬೆಂಚ್ ಎಂಬ ಬೇರೆ ಬೇರೆ ಮೇಜುಗಳಲ್ಲಿ ನಡೆಯುತ್ತವೆ: ರೇಖೆಗಳಿಗೆ ಒಂದು, ಘನಾಕಾರಕ್ಕೆ ಒಂದು, ಕಾಗದದ ನಕ್ಷೆಗೆ ಒಂದು. ಯಾವ ಗುಂಡಿ ಯಾವ ಮೇಜಿನ ಮೇಲಿದೆ ಎಂದು ನೆನಪಿಟ್ಟುಕೊಳ್ಳುವುದೇ ಆರಂಭದ ಕಷ್ಟ. ಇದನ್ನು ಬಳಸಿ ಬಿಡಿಸಿದ ವಸ್ತುವನ್ನು ಮಾರಲು ಯಾವ ಅಡ್ಡಿಯೂ ಇಲ್ಲ, ಆದಾಯದ ಮಿತಿ ಇಲ್ಲ, ಇಂಟರ್‌ನೆಟ್ ಬೇಕಿಲ್ಲ. ಇದರ ಕಡತ ಎಂಬುದು ಒಂದು ಜಿಪ್ ಕಟ್ಟು. ಬಿಚ್ಚಿ ನೋಡಿದರೆ ಒಳಗೆ ಓದಬಹುದಾದ ಎಕ್ಸ್‌ಎಂಎಲ್ ಬರಹವೂ ಆಕಾರಗಳ ಮಾಹಿತಿಯೂ ಸಿಗುತ್ತವೆ. ನಾಳೆ ಈ ತಂತ್ರಾಂಶವನ್ನು ಯಾರೂ ಬೆಳೆಸದೆ ಬಿಟ್ಟರೂ ಇವತ್ತಿನ ಪ್ರತಿ ನನ್ನ ಲ್ಯಾಪ್‌ಟಾಪಿನಲ್ಲಿ ತೆರೆಯುತ್ತಲೇ ಇರುತ್ತದೆ.

ಡಬ್ಬಿ ಬಿಡಿಸುವವನಿಗೆ ಫ್ರೀಕ್ಯಾಡ್‌ನಲ್ಲಿ ಸಿಗುವ ದೊಡ್ಡ ಸಂಪತ್ತು ಅದರೊಳಗಿನ ಸ್ಪ್ರೆಡ್‌ಶೀಟ್ ಎಂದು ನನ್ನ ಅಭಿಪ್ರಾಯ. ನನ್ನ ಪಿಸಿಬಿ 100 ಮಿ.ಮೀ. ಉದ್ದ, 80 ಮಿ.ಮೀ. ಅಗಲ, 1.6 ಮಿ.ಮೀ. ದಪ್ಪ. ಮುಚ್ಚಳದ ಒಳಮೈಗೆ ತಿರುಪಿನಲ್ಲಿ ಬಿಗಿಯುವ 16 ಅಕ್ಷರ, 2 ಸಾಲಿನ ಸಾಮಾನ್ಯ ಎಲ್‌ಸಿಡಿ ಫಲಕದ ಅಳತೆ 80 ಮತ್ತು 36 ಮಿ.ಮೀ., ಅದರ ನಾಲ್ಕು ತೂತುಗಳ ನಡುವಿನ ಅಂತರ 75 ಮತ್ತು 31 ಮಿ.ಮೀ. ಈ ಅಂಕಿಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಅಂಕಿ ಕೂತ ಪ್ರತಿ ಚೌಕಕ್ಕೂ ಒಂದು ಹೆಸರು ಕೊಟ್ಟೆ. ಡಬ್ಬಿಯ ಒಳ ಉದ್ದವೆಂದರೆ ಪಿಸಿಬಿಯ ಉದ್ದಕ್ಕೆ ಎರಡೂ ಬದಿಯ ಸಡಿಲ ಕೂಡಿಸಿದ್ದು, ಹೊರ ಉದ್ದವೆಂದರೆ ಅದಕ್ಕೆ ಗೋಡೆಯ ದಪ್ಪವನ್ನು ಎರಡು ಸಲ ಕೂಡಿಸಿದ್ದು, ಡಬ್ಬಿಯ ಆಳವೆಂದರೆ ಪಿಸಿಬಿ ನಿಲ್ಲುವ ಗೂಟದ ಎತ್ತರ, ಪಿಸಿಬಿಯ ದಪ್ಪ, ಅತಿ ಎತ್ತರದ ಭಾಗದ ಎತ್ತರ, ಅದರ ಮೇಲೆ ಬಿಡುವ ಗಾಳಿ, ಇವುಗಳ ಮೊತ್ತ. ಹೀಗೆ ಬರೆದುಕೊಂಡ ಮೇಲೆ ರೇಖೆಗಳಿಗೆ ಅಂಕಿಯ ಬದಲು ಆ ಹೆಸರನ್ನೇ ಕೊಡುತ್ತಾ ಹೋದರೆ, ಒಂದು ಚೌಕ ತಿದ್ದಿದಾಗ ಡಬ್ಬಿ ತಾನೇ ಹಿಗ್ಗುತ್ತದೆ, ತಾನೇ ಕುಗ್ಗುತ್ತದೆ. ಹೊಲಿಗೆಯವರು ಅಳತೆ ಪುಸ್ತಕ ಇಟ್ಟುಕೊಂಡು ಅದೇ ಮಾದರಿಯ ಅಂಗಿಯನ್ನು ಬೇರೆ ಬೇರೆ ಮೈಗೆ ಕತ್ತರಿಸುವುದಿಲ್ಲವೇ, ಹಾಗೆ.

ಇಲ್ಲೊಂದು ಹಳ್ಳವಿದೆ, ಅದರಲ್ಲಿ ನಾನು ಬಿದ್ದೆ. ಡಬ್ಬಿಯ ತಳದ ಮೈಯನ್ನು ಒತ್ತಿ, ಅದರ ಮೇಲೆಯೇ ಗೂಟಗಳ ರೇಖಾಚಿತ್ರವನ್ನು ಕೂರಿಸಿದ್ದೆ. ನಂತರ ಒಂದು ಬದಿಗೆ ಕೇಬಲ್ ಗ್ಲ್ಯಾಂಡಿನ ತೂತು ಕೊರೆದಾಗ, ತಳದಲ್ಲಿರಬೇಕಾದ ಗೂಟಗಳು ಗೋಡೆಯ ಮೇಲೆ ಬಾವಲಿಗಳಂತೆ ಅಂಟಿಕೊಂಡವು. ಆಕಾರ ಬದಲಾದಾಗ ಮೈಗಳಿಗೂ ಅಂಚುಗಳಿಗೂ ತಂತ್ರಾಂಶ ಒಳಗೊಳಗೆ ಕೊಟ್ಟಿರುವ ಸಂಖ್ಯೆಗಳು ಅದಲುಬದಲಾಗುವುದರಿಂದ ಹೀಗಾಗುತ್ತದೆ. 1.0 ಆವೃತ್ತಿಯಲ್ಲಿ ಇದನ್ನು ಬಹುಮಟ್ಟಿಗೆ ಹತೋಟಿಗೆ ತಂದಿದ್ದಾರೆ. ನಾನು ಬಿದ್ದದ್ದು ಅದಕ್ಕಿಂತ ಹಿಂದಿನ ಆವೃತ್ತಿಯಲ್ಲಿ, ಅದೂ ಎಚ್ಚರಿಕೆಯನ್ನು ಓದದೆ. ಈಗಲೂ ನಾನು ಯಾವ ರೇಖಾಚಿತ್ರವನ್ನೂ ಮೈಗೆ ಅಂಟಿಸುವುದಿಲ್ಲ. ಮೂಲ ಸಮತಲಕ್ಕೇ ಕಟ್ಟಿ, ಎಷ್ಟು ಎತ್ತರದಲ್ಲಿ ಇರಬೇಕೆಂಬುದನ್ನು ಸ್ಪ್ರೆಡ್‌ಶೀಟಿನ ಹೆಸರಿನಿಂದ ಹೇಳುತ್ತೇನೆ. ಅಂಚುಗಳನ್ನು ದುಂಡಗೆ ಮಾಡುವ ಕೆಲಸವನ್ನು ಎಲ್ಲದರ ಕೊನೆಗೆ ಇಟ್ಟುಕೊಳ್ಳುತ್ತೇನೆ. ಈ ಎರಡು ಅಭ್ಯಾಸ ಯಾವ ತಂತ್ರಾಂಶದಲ್ಲಾದರೂ ಒಳ್ಳೆಯದೇ.

ಕೀಕ್ಯಾಡ್ ಬಳಸುವವರಿಗೆ ಫ್ರೀಕ್ಯಾಡ್‌ನಲ್ಲಿ ಇನ್ನೊಂದು ಅನುಕೂಲವಿದೆ. ಕೀಕ್ಯಾಡ್ ಇಡೀ ಪಿಸಿಬಿಯನ್ನು ಅದರ ಮೇಲಿನ ಭಾಗಗಳ ಸಮೇತ ಸ್ಟೆಪ್ ಕಡತವಾಗಿ ಹೊರಗೆ ಕೊಡುತ್ತದೆ, ಮತ್ತು ಕೀಕ್ಯಾಡ್ ಸ್ಟೆಪ್‌ಅಪ್ ಎಂಬ ಹೆಚ್ಚುವರಿ ಮೇಜನ್ನು ಹಾಕಿಕೊಂಡರೆ ಫ್ರೀಕ್ಯಾಡ್‌ನಲ್ಲಿ ತಿದ್ದಿದ ಪಿಸಿಬಿಯ ಅಂಚನ್ನು ಮರಳಿ ಕೀಕ್ಯಾಡ್‌ಗೆ ಕಳುಹಿಸಲೂ ಬರುತ್ತದೆ. ಮೊದಲ ಸಲ ನನ್ನ ಪಿಸಿಬಿಯನ್ನು ಡಬ್ಬಿಯೊಳಗೆ ಕೂರಿಸಿ ನೋಡಿದಾಗ ಟರ್ಮಿನಲ್ ಬ್ಲಾಕಿನ ತಿರುಪುಗಳಿಗೆ ಸ್ಕ್ರೂಡ್ರೈವರ್ ಇಳಿಯುವ ದಾರಿಯೇ ಇಲ್ಲವೆಂಬುದು ಪರದೆಯ ಮೇಲೆಯೇ ಕಂಡಿತು. ಹಾಗೆಯೇ 415 ವೋಲ್ಟ್ ಬರುವ ಕಾಲಿಗೂ ಪಕ್ಕದ ಕಬ್ಬಿಣದ ತಿರುಪಿಗೂ ನಡುವಿನ ಅಂತರ ಸಾಲದೆಂಬುದೂ ಕಂಡಿತು. ಕಾಗದದ ಮೇಲೆ ಎತ್ತರ ಕಾಣುವುದಿಲ್ಲ. ತಂತ್ರಾಂಶವನ್ನು ಆರಿಸುವಾಗ ಪಿಸಿಬಿಯ ಸ್ಟೆಪ್ ಕಡತವನ್ನು ಒಳಗೆ ತಂದು ನೋಡಿ. ಅದು ತಡವರಿಸಿದರೆ ಉಳಿದ ಗುಣಗಳನ್ನು ಪರೀಕ್ಷಿಸುವ ಶ್ರಮವನ್ನೇ ಉಳಿಸಬಹುದು.

ಸಿದ್ಧ ಡಬ್ಬಿ ಸಾಕಾಗುವಲ್ಲಿ ಹೊಸ ಡಬ್ಬಿ ಬಿಡಿಸಬೇಡಿ ಎಂಬ ಮಾತನ್ನೂ ಇಲ್ಲೇ ಸೇರಿಸುತ್ತೇನೆ. ಹ್ಯಾಮಂಡ್‌ನಂಥ ಡಬ್ಬಿ ತಯಾರಕರು ತಮ್ಮ ಡಬ್ಬಿಗಳ ಮೂರು ಆಯಾಮದ ಕಡತಗಳನ್ನು ಉಚಿತವಾಗಿ ಕೊಡುತ್ತಾರೆ. ಅದನ್ನು ತೆರೆದು ತೂತುಗಳನ್ನು ಮಾತ್ರ ಬಿಡಿಸಿ, ಒಂದಕ್ಕೆ ಒಂದು ಪ್ರಮಾಣದಲ್ಲಿ ಕಾಗದಕ್ಕೆ ಮುದ್ರಿಸಿ, ಡಬ್ಬಿಗೆ ಅಂಟಿಸಿ ಕೊರೆದರೆ ಹತ್ತಿಪ್ಪತ್ತು ನಗಗಳಿಗೆ ಅದೇ ಉತ್ತಮ. ಹಲ್ಲಿ ಹೊಕ್ಕ ಡಬ್ಬಿಗೆ ನಾನು ಇಷ್ಟು ಮಾಡಿದ್ದರೂ ಸಾಕಿತ್ತು.

ಪ್ಲಾಸ್ಟಿಕ್ ಡಬ್ಬಿಯ ಮೊದಲ ಮಾದರಿಗಳನ್ನು ತ್ರೀಡಿ ಪ್ರಿಂಟರಿನಲ್ಲಿ ಮಾಡಿಸಿದೆ. ಪ್ರಿಂಟ್ ಮಾಡುವವರಿಗೆ ಎಸ್‌ಟಿಎಲ್ ಕಡತ ಸಾಕು. 1987ರಷ್ಟು ಹಳೆಯದಾದ ಈ ರೂಪದಲ್ಲಿ ಆಕಾರವೆಲ್ಲ ಬರಿಯ ತ್ರಿಕೋನಗಳು, ಮಿಲಿಮೀಟರೋ ಅಂಗುಲವೋ ಎಂಬ ಗುರುತು ಕೂಡ ಒಳಗಿರುವುದಿಲ್ಲ. ನಳಿಕೆಯ ಬಾಯಿ ಸಾಮಾನ್ಯವಾಗಿ 0.4 ಮಿ.ಮೀ. ಇರುವುದರಿಂದ ಗೋಡೆಯ ದಪ್ಪವನ್ನು 2 ಅಥವಾ 2.4 ಮಿ.ಮೀ. ಹೀಗೆ ಅದರ ಗುಣಕದಲ್ಲಿ ಇಟ್ಟೆ. ತಿರುಪು ಹಿಡಿಯುವ ಎಂ 3 ಅಳತೆಯ ಹಿತ್ತಾಳೆ ಇನ್ಸರ್ಟನ್ನು ಸೋಲ್ಡರ್ ಕಡ್ಡಿಯಿಂದ ಕಾಯಿಸಿ ಇಳಿಸಲು 4 ಮಿ.ಮೀ. ತೂತು ನನಗೆ ಸರಿಬಂತು. ಇವನ್ನೂ ಸ್ಪ್ರೆಡ್‌ಶೀಟಿನಲ್ಲೇ ಬರೆದೆ, ಏಕೆಂದರೆ ಪ್ರತಿ ಪ್ರಿಂಟರಿಗೂ ತೂತು ಬೇರೆ ಬೇರೆ ಪ್ರಮಾಣದಲ್ಲಿ ಕಿರಿದಾಗುತ್ತದೆ. ಪಿಎಲ್‌ಎ ಎಂಬ ಅಗ್ಗದ ದಾರವು ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೆ ಮೆತ್ತಗಾಗುತ್ತದೆ. ನಮ್ಮ ಜಗಳೂರು, ಚಳ್ಳಕೆರೆ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ತಗಡಿನ ಚಾವಣಿಯ ಕೆಳಗೆ, ಒಳಗೆ ಟ್ರಾನ್ಸ್‌ಫಾರ್ಮರ್ ಬೇರೆ ಇರುವ ಡಬ್ಬಿಗೆ ಅದು ಹೇಳಿಮಾಡಿಸಿದ ವಸ್ತುವಲ್ಲ. ಅಳತೆ ನೋಡಲು ಮಾತ್ರ ಪಿಎಲ್‌ಎ, ಹೊಲಕ್ಕೆ ಹೋಗುವುದಕ್ಕೆ ಬಿಸಿಲು ತಡೆಯುವ ಎಎಸ್‌ಎ ದಾರ ಎಂದು ತೀರ್ಮಾನಿಸಿದೆ.

ತಗಡಿನ ಡಬ್ಬಿಯ ಕಥೆ ಬೇರೆ. ಕೆಲವು ಗಿರಾಕಿಗಳು ಪ್ಲಾಸ್ಟಿಕ್ಕನ್ನು ನಂಬುವುದಿಲ್ಲ. ಸ್ಟಾರ್ಟರ್ ಎಂದರೆ ಕಬ್ಬಿಣದ ಪೆಟ್ಟಿಗೆಯೇ ಆಗಬೇಕು. ಹೊರ ಅಗಲ 150 ಮಿ.ಮೀ., ಎರಡು ಬದಿಯ ಮಡಿಕೆ 60 ಮಿ.ಮೀ. ಇರುವ, 1.2 ಮಿ.ಮೀ. ತಗಡಿನ ಒಂದು ತೊಟ್ಟಿಯಾಕಾರವನ್ನು ಬಿಡಿಸಿ ಲೋಕಿಕೆರೆ ರಸ್ತೆಯ ಕಡೆ ಬೆಂಡಿಂಗ್ ಮಾಡುವವರೊಬ್ಬರ ಬಳಿ ಹೋದೆ. ಅವರು ನನ್ನ ಬಣ್ಣದ ಚಿತ್ರವನ್ನು ನೋಡಿ, "ಬಾಕ್ಸ್ ಅಳತಿ ಬ್ಯಾಡ್ರಿ ಸರ, ಬಿಚ್ಚಿದ ಪಟ್ಟಿ ಅಳತಿ ಹೇಳ್ರಿ" ಎಂದರು. ನಾನು 60, 150, 60 ಕೂಡಿಸಿ 270 ಎಂದೆ. ಅವರು ಒಂದು ಸಲ ನನ್ನ ಮುಖ ನೋಡಿದರು, ಹೇಳಿದಂತೆಯೇ ಮಾಡಿಕೊಟ್ಟರು. ಎರಡೂ ಮಡಿಕೆಗಳು 62 ಮಿ.ಮೀ. ಬಂದು, ಮುಚ್ಚಳದ ತೂತುಗಳು ಒಂದೂ ಕೂಡಲಿಲ್ಲ.

ತಗಡನ್ನು ಮಡಿಸಿದಾಗ ಒಳಮೈ ಕುಗ್ಗುತ್ತದೆ, ಹೊರಮೈ ಹಿಗ್ಗುತ್ತದೆ, ನಡುವೆ ಎಲ್ಲೋ ಒಂದು ಪದರ ಮಾತ್ರ ಇದ್ದಷ್ಟೇ ಇರುತ್ತದೆ. ಆ ಪದರ ದಪ್ಪದ ಎಷ್ಟನೇ ಭಾಗದಲ್ಲಿದೆ ಎಂಬುದನ್ನು ಹೇಳುವ ಸಂಖ್ಯೆಯೇ ಕೆ ಫ್ಯಾಕ್ಟರ್. ಸಾಮಾನ್ಯವಾಗಿ ಅದು 0.33ರಿಂದ 0.5ರ ನಡುವೆ ಇರುತ್ತದೆ. ಮಡಿಕೆಯ ಒಳತ್ರಿಜ್ಯ 1.2 ಮಿ.ಮೀ., ಕೆ ಫ್ಯಾಕ್ಟರ್ 0.44 ಎಂದಿಟ್ಟುಕೊಂಡರೆ ಒಂದು ಲಂಬಕೋನದ ಮಡಿಕೆ ತಿನ್ನುವ ತಗಡು ಸುಮಾರು 2.71 ಮಿ.ಮೀ. ಮೂಲೆಯನ್ನು ಹೊರ ಅಳತೆಯಲ್ಲಿ ಎರಡು ಕಡೆಯಿಂದ ಲೆಕ್ಕಕ್ಕೆ ಹಿಡಿದಾಗ ಬರುವುದು 4.8 ಮಿ.ಮೀ. ಹೀಗಾಗಿ ಒಂದೊಂದು ಮಡಿಕೆಗೆ ಸುಮಾರು 2.09 ಮಿ.ಮೀ. ಕಳೆಯಬೇಕು, ಎರಡು ಮಡಿಕೆಗೆ 4.17, ಪಟ್ಟಿಯ ನಿಜವಾದ ಉದ್ದ 265.8 ಮಿ.ಮೀ. ಆಗಬೇಕಿತ್ತು. ಫ್ರೀಕ್ಯಾಡ್‌ಗೆ ಸೇರಿಸಿಕೊಳ್ಳಬಹುದಾದ ಶೀಟ್‌ಮೆಟಲ್ ಎಂಬ ಮೇಜು ಈ ಲೆಕ್ಕವನ್ನು ತಾನೇ ಮಾಡಿ ಡಬ್ಬಿಯನ್ನು ಹಪ್ಪಳದಂತೆ ಚಪ್ಪಟೆಗೆ ಬಿಡಿಸಿಕೊಡುತ್ತದೆ, ಅದನ್ನು ಡಿಎಕ್ಸ್‌ಎಫ್ ಎಂಬ ರೇಖಾಚಿತ್ರದ ಕಡತವಾಗಿ ಉಳಿಸಿದರೆ ಲೇಸರ್ ಕಟಿಂಗ್‌ನವರು ನೇರವಾಗಿ ಯಂತ್ರಕ್ಕೆ ಹಾಕುತ್ತಾರೆ. ಆದರೆ ಒಳತ್ರಿಜ್ಯ ಎಷ್ಟು ಎಂಬುದು ಆ ಬೆಂಡಿಂಗ್ ಯಂತ್ರಕ್ಕೆ ಹಾಕಿರುವ ಅಚ್ಚಿನ ಮೇಲೆ ನಿಂತಿದೆ. ಒಂದು ತುಂಡನ್ನು ಮೊದಲೇ ಅಳೆದು, ಮಡಿಸಿಸಿ, ಮತ್ತೆ ಅಳೆದರೆ ಆ ಯಂತ್ರದ ಲೆಕ್ಕ ಕೈಗೆ ಸಿಗುತ್ತದೆ. ಎರಡನೇ ಸಲ ಹೋದಾಗ ನಾನು ಅದನ್ನೇ ಕೇಳಿದೆ. "ಈಗ ಕೇಳಿದ್ರಿ ನೋಡ್ರಿ" ಎಂದು ಅವರು ತಾವಾಗಿಯೇ ಒಂದು ಚೂರು ತಗಡು ಹುಡುಕಿ ತಂದರು. ತಗಡಿನ ಡಬ್ಬಿಯೊಳಗೆ ಸಿಮ್‌ನ ಸಿಗ್ನಲ್ ಸಿಗುವುದಿಲ್ಲವಾದ್ದರಿಂದ ಆಂಟೆನಾ ಹೊರಗೆ ಬರಲು 6.5 ಮಿ.ಮೀ. ತೂತೊಂದನ್ನು ಸೇರಿಸಿದ್ದೂ ಆಗಲೇ.

ಓಪನ್‌ಸ್ಕ್ಯಾಡ್ ಕುರಿತು ಎರಡು ಮಾತು. ಇಲ್ಲಿ ಮೌಸ್ ಹಿಡಿದು ಬಿಡಿಸುವುದಿಲ್ಲ, ಪ್ರೋಗ್ರಾಂ ಬರೆದಂತೆ ಆಕಾರವನ್ನು ಬರೆಯುವುದು. ಮೈಕ್ರೋಕಂಟ್ರೋಲರ್‌ಗೆ ಕೋಡ್ ಬರೆದು ಅಭ್ಯಾಸವಿರುವ ನನ್ನಂಥವರಿಗೆ ಇದು ಮನೆಯ ಊಟದಂತೆ ಒಗ್ಗುತ್ತದೆ. ಯಾಪ್ ಬಾಕ್ಸ್ ಎಂಬ ಸಿದ್ಧ ಕೋಡ್ ಇದೆ. ಪಿಸಿಬಿಯ ಅಳತೆ, ಗೂಟಗಳ ಜಾಗ, ತೂತುಗಳ ಜಾಗ ಬರೆದರೆ ಮುಚ್ಚಳ ಸಮೇತ ಡಬ್ಬಿ ಬರುತ್ತದೆ. ಗುಂಡಿಯ ಟೊಪ್ಪಿಗೆ, ಸ್ಪೇಸರ್, ವೈರು ಹಿಡಿಯುವ ಕ್ಲಿಪ್ಪುಗಳನ್ನು ನಾನು ಈಗಲೂ ಇದರಲ್ಲೇ ಮಾಡುತ್ತೇನೆ. ಆದರೆ ಇದರಿಂದ ಸ್ಟೆಪ್ ಕಡತ ಹೊರಬರುವುದಿಲ್ಲ, ಘನಾಕಾರವೆಲ್ಲ ತ್ರಿಕೋನಗಳ ರಾಶಿಯಾಗಿಯೇ ಬರುತ್ತದೆ, ಹಾಗಾಗಿ ಇದರಲ್ಲಿ ಮಾಡಿದ ಡಬ್ಬಿಗೆ ಪ್ರಿಂಟರಿನಾಚೆ ದಾರಿಯಿಲ್ಲ.

ಆ ದಾರಿ ಏಕೆ ಬೇಕೆಂಬುದು ಹರಿಹರದಲ್ಲಿ ತಿಳಿಯಿತು. 1941ರಲ್ಲಿ ಅಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತುಗಳನ್ನು ಮಾಡುತ್ತಿದ್ದ ಕಾಲದ ಕೈಗಳು ಇನ್ನೂ ಆ ಊರಿನಲ್ಲಿವೆ. ಅಂಥ ಹಿರಿಯರೊಬ್ಬರಿಗೆ ನನ್ನ ಪ್ಲಾಸ್ಟಿಕ್ ಡಬ್ಬಿಯನ್ನು ತೋರಿಸಿ, ಮುಂದೆ ಇದನ್ನು ಅಚ್ಚಿನಲ್ಲಿ ಎರಕ ಹೊಯ್ಯಿಸಬೇಕೆಂದರೆ ಏನು ಬೇಕೆಂದು ಕೇಳಿದೆ. ಅವರು ಡಬ್ಬಿಯ ಒಳಗೋಡೆಗೆ ಹೆಬ್ಬೆರಳು ಉಜ್ಜಿ, "ತಮ್ಮಾ, ನೆಟ್ಟಗೆ ನಿಲ್ಲಿಸೀಯಲ್ಲ, ಅಚ್ಚಿನಿಂದ ಹೊರಗೆ ಹೆಂಗ ಬರ್ತೈತಿ ಇದು?" ಎಂದರು. ಇಡ್ಲಿ ತಟ್ಟೆಯ ಗುಳಿ ನೆಟ್ಟಗಿದ್ದರೆ ಇಡ್ಲಿ ಏಳುತ್ತದೆಯೇ. ಗೋಡೆಗಳಿಗೆ ಒಂದೆರಡು ಡಿಗ್ರಿ ಓರೆ ಬೇಕು, ಒಳಗಿನ ಪಕ್ಕೆಲುಬುಗಳು ಗೋಡೆಯ ದಪ್ಪದ ಅರ್ಧದಷ್ಟೇ ಇರಬೇಕು, ಇಲ್ಲವಾದರೆ ಹೊರಮೈಯಲ್ಲಿ ಕುಳಿ ಬೀಳುತ್ತದೆ. ಕಡತ ಯಾವುದು ಕೊಡಲಿ ಎಂದಾಗ ಅವರ ಮಗ ಸ್ಟೆಪ್ ಮತ್ತು ಅಳತೆ ಬರೆದ ಕಾಗದದ ನಕ್ಷೆ, ಎರಡೂ ಬೇಕೆಂದ. ಸ್ಟೆಪ್ ಎಂಬುದು ಐಎಸ್‌ಒ 10303 ಎಂಬ ಅಂತರರಾಷ್ಟ್ರೀಯ ಮಾನಕ. ಅದರಲ್ಲಿ ವೃತ್ತ ವೃತ್ತವಾಗಿಯೇ ಹೋಗುತ್ತದೆ, ಮಿಲಿಮೀಟರ್ ಎಂಬ ಗುರುತೂ ಜೊತೆಗೆ ಹೋಗುತ್ತದೆ, ಮತ್ತು ಅವರ ಬಳಿ ಯಾವ ಸಂಸ್ಥೆಯ ತಂತ್ರಾಂಶವಿದ್ದರೂ ಅದು ತೆರೆದುಕೊಳ್ಳುತ್ತದೆ. ಅಚ್ಚಿನ ಖರ್ಚು ಕೇಳಿ ಸದ್ಯಕ್ಕೆ ನಮಸ್ಕಾರ ಹೇಳಿ ಬಂದೆ, ಆದರೆ ಗೋಡೆಗಳಿಗೆ ಒಂದೂವರೆ ಡಿಗ್ರಿ ಓರೆಯನ್ನು ಅಂದೇ ರಾತ್ರಿ ಕೊಟ್ಟೆ.

ಇಷ್ಟರಲ್ಲಿ ನಾನು ನಿಜಕ್ಕೂ ಹಣ ಹಾಕಿದ್ದು ಒಂದು ಒಳ್ಳೆಯ ಡಿಜಿಟಲ್ ವರ್ನಿಯರ್ ಕ್ಯಾಲಿಪರ್‌ಗೆ, ಕೆಟ್ಟುಹೋದ ಐದಾರು ಮಾದರಿಗಳಿಗೆ, ಮತ್ತು ಲ್ಯಾಪ್‌ಟಾಪಿಗೆ ಇನ್ನೂ 8 ಜಿಬಿ ರ‍್ಯಾಮ್‌ಗೆ. ತಂತ್ರಾಂಶಕ್ಕೆ ಕೊಡಬೇಕಿದ್ದ ಹಣವನ್ನು ಸಮಯದಲ್ಲಿ ಕೊಟ್ಟೆ. ಫ್ರೀಕ್ಯಾಡ್ ಕಲಿಯಲು ಹಿಡಿದ ಸಂಜೆಗಳಿಗೆ ಬೆಲೆ ಕಟ್ಟಿದರೆ ಅದು ಅಗ್ಗವೆಂದು ಹೇಳಲಾರೆ. ದಿನವಿಡೀ ಡಬ್ಬಿ ಬಿಡಿಸುವುದೇ ನನ್ನ ಹೊಟ್ಟೆಪಾಡಾಗಿದ್ದರೆ ಚಂದಾ ಕಟ್ಟಿ ಫ್ಯೂಷನ್ ತೆಗೆದುಕೊಳ್ಳುತ್ತಿದ್ದೆನೇನೋ. ವರ್ಷಕ್ಕೆ ಮೂರು ನಾಲ್ಕು ಡಬ್ಬಿ ಬಿಡಿಸುವವನು ಪ್ರತಿ ತಿಂಗಳೂ ಬಾಡಿಗೆ ಕಟ್ಟುವುದು ನನಗೆ ಸರಿಕಾಣಲಿಲ್ಲ.

ಕಳೆದ ತಿಂಗಳು ನಾನು ಬಳಸುತ್ತಿದ್ದ ರಿಲೇ ಸಿಗದೆ, 3 ಮಿ.ಮೀ. ಎತ್ತರ ಹೆಚ್ಚಿರುವ ಇನ್ನೊಂದನ್ನು ಹಾಕಬೇಕಾಯಿತು. ಸ್ಪ್ರೆಡ್‌ಶೀಟಿನಲ್ಲಿ ಒಂದು ಅಂಕಿ ತಿದ್ದಿದೆ. ಡಬ್ಬಿ ಬೆಳೆಯಿತು, ಮುಚ್ಚಳ ಜೊತೆಗೆ ಏರಿತು, ಕೇಬಲ್ ಗ್ಲ್ಯಾಂಡಿನ ಒಂದು ತೂತು ಮಾತ್ರ ಕೆಂಪಾಗಿ ಮುನಿಸಿಕೊಂಡಿತು, ಏಕೆಂದರೆ ಅದರ ಎತ್ತರವನ್ನು ನಾನು ಹೆಸರಿನ ಬದಲು ಅಂಕಿಯಲ್ಲೇ ಬರೆದು ಮರೆತಿದ್ದೆ. ಅರ್ಧ ಗಂಟೆಯಲ್ಲಿ ಅದೂ ಸರಿಯಾಯಿತು. ಜಗಳೂರಿನ ಹೊಲಕ್ಕೆ ಹೊಸ ಡಬ್ಬಿಯನ್ನು ಕೂರಿಸಿ ಬಂದಿದ್ದೇನೆ. ಈಗ ಚನ್ನಗಿರಿಯ ಅಡಿಕೆ ತೋಟದವರೊಬ್ಬರು ಮುಚ್ಚಳಕ್ಕೆ ಬೀಗ ಹಾಕಲು ಒಂದು ಕಿವಿ ಬೇಕೆಂದಿದ್ದಾರೆ, ಅದೂ ಅವರ ಬಳಿ ಈಗಾಗಲೇ ಇರುವ ಹಿತ್ತಾಳೆ ಬೀಗಕ್ಕೆ ಸರಿಹೊಂದುವಂತೆ. ಬೀಗದ ಕೊಂಡಿಯ ದಪ್ಪ ಅಳೆದು ಕಳುಹಿಸುತ್ತೇನೆಂದು ಹೇಳಿದ್ದಾರೆ, ಸ್ಪ್ರೆಡ್‌ಶೀಟಿನ ಚೌಕಕ್ಕೆ ಹೆಸರು ಕೊಟ್ಟು ಕಾಯುತ್ತಿದ್ದೇನೆ.